ಘಟ್ಟದ ಕೆಳಗಿನ ಕಲ್ಲಿನ ಕಮಾನು

ನವೆಂಬರ್ ಕೊನೆಯ ಹೊತ್ತಿಗೆ ತೇರಗಾಂವದ ಬೆಳಗಿಗೆ ಅದರದೇ ಒಂದು ಸದ್ದಿರುತ್ತದೆ. ಕೋಳಿ ಕೂಗುವ ಮುಂಚೆಯೇ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಳಿಯಾಳದ ಸಕ್ಕರೆ ಕಾರ್ಖಾನೆಯ ಕಡೆ ಹೊರಟುಬಿಡುತ್ತವೆ. ಟ್ರಾಲಿಯ ಸರಪಳಿ ಕಣಕಣ ಎನ್ನುತ್ತದೆ, ತಿರುವಿನಲ್ಲಿ ನಾಲ್ಕಾರು ಗಳ ಜಾರಿ ರಸ್ತೆಗೆ ಬೀಳುತ್ತವೆ, ಬೆಳಕು ಹರಿದ ಮೇಲೆ ಶಾಲೆಗೆ ಹೊರಟ ಹುಡುಗರು ಅವನ್ನು ಹೆಕ್ಕಿಕೊಂಡು ಸಿಗಿಯುತ್ತ ನಡೆಯುತ್ತಾರೆ. ಕೊಯ್ಲು ಮುಗಿದ ಭತ್ತದ ಗದ್ದೆಗಳ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿರುತ್ತದೆ. ಬಚ್ಚಲ ಹಂಡೆಗೆ ಒಡ್ಡಿದ ಹಸಿ ಕಟ್ಟಿಗೆಯ ಹೊಗೆ, ಹೊಸ ಹುಲ್ಲಿನ ಬಣವೆಯ ವಾಸನೆ, ಚಹಾದಂಗಡಿಯ ಪಾತ್ರೆಯಲ್ಲಿ ಕುದಿಯುವ ಶುಂಠಿ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತವರು ಕನ್ನಡದಲ್ಲಿ ಎತ್ತಿದ ಮಾತನ್ನು ಮರಾಠಿಯಲ್ಲಿ ಮುಂದುವರಿಸಿ ಕೊಂಕಣಿಯಲ್ಲಿ ಮುಗಿಸುತ್ತಾರೆ. ಹಳಿಯಾಳ ಸೀಮೆಯಲ್ಲಿ ಅದು ಯಾರಿಗೂ ವಿಶೇಷವಲ್ಲ.

ಈ ದಿನಗಳಲ್ಲಿ ಕಟ್ಟೆಯ ಮಾತೆಲ್ಲ ಗೋವೆಯ ಕಡೆಗೆ ತಿರುಗಿರುತ್ತದೆ. ಡಿಸೆಂಬರ್ 3ಕ್ಕೆ ಹಳೇ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಫೆಸ್ತ, ಅಂದರೆ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ, ನೊವೆನಾ ದಿನಗಳಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯ ಕ್ರೈಸ್ತ ಕುಟುಂಬಗಳು ಗಾಡಿ ಮಾಡಿಕೊಂಡು ಘಟ್ಟ ಇಳಿಯುತ್ತವೆ. ಕ್ರೈಸ್ತರೇ ಆಗಬೇಕೆಂದೇನಿಲ್ಲ, ಹರಕೆ ಹೊತ್ತ ಯಾರು ಬೇಕಾದರೂ ಹೊರಡುತ್ತಾರೆ. ನಾವು ಹೊರಟ ಟ್ರ್ಯಾಕ್ಸ್ ಗಾಡಿಯಲ್ಲಿ ಎರಡು ಕೊಂಕಣಿ ಕುಟುಂಬಗಳಿವೆ, ಕಾಡಂಚಿನ ಕೇರಿಯಿಂದ ಬಂದ ಸಿದ್ದಿ ತಾಯಿ ಮತ್ತು ಆಕೆಯ ಮೊಮ್ಮಗಳು ಇದ್ದಾರೆ, ಕಿಟಕಿಯ ಪಕ್ಕದಲ್ಲಿ ಬಿಳಿ ಟೊಪ್ಪಿಗೆ ಹಾಕಿದ ಒಬ್ಬ ಮುದುಕ ಗೌಂಡಿ ಕೂತಿದ್ದಾನೆ. ನೀವೂ ಹತ್ತಿಕೊಳ್ಳಿ, ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ.

ಗೌಂಡಿ ಅಜ್ಜನ ಕೈಗಳನ್ನು ಮೊದಲು ನೋಡಬೇಕು. ಬೆರಳ ತುದಿಗಳು ಸುಣ್ಣ ಸಿಮೆಂಟು ತಿಂದು ಚಪ್ಪಟೆಯಾಗಿವೆ. ಉಗುರಿನ ಸುತ್ತಲಿನ ಚರ್ಮ ಸೀಳಿ ಕೂಡಿ ಸೀಳಿ ಕೂಡಿ ಗಂಟುಗಂಟಾಗಿದೆ. ಬಲಗೈಯ ಹೆಬ್ಬೆರಳಿನಿಂದ ತೋರುಬೆರಳನ್ನು ಸದಾ ಉಜ್ಜುವ ಅಭ್ಯಾಸ, ಓಳಂಬದ ದಾರ ಹಿಡಿದೂ ಹಿಡಿದೂ ಬಂದದ್ದು. ವಯಸ್ಸು ಅರವತ್ತು ದಾಟಿದ ಮೇಲೆ ಕೆಲಸಕ್ಕೆ ಹೋಗುವುದು ಕಡಿಮೆ ಮಾಡಿದ್ದಾನೆ, ಗೋಡೆ ನೋಡುವುದನ್ನು ಕಡಿಮೆ ಮಾಡಿಲ್ಲ. ಅಳ್ನಾವರ ದಾಟುವಷ್ಟರಲ್ಲಿ ದಾರಿಬದಿಯ ಎಷ್ಟೋ ಮನೆಗಳ ಕಟ್ಟುಗೆಲಸದ ಮೇಲೆ ಆತನ ತೀರ್ಪು ಬಂದಾಗಿತ್ತು.

ಲೋಂಡಾ, ರಾಮನಗರ ಹಿಂದಕ್ಕೆ ಸರಿದು ಅನಮೋಡದ ಕಾಡು ಬಂದಾಗ ಗಾಡಿಯೊಳಗಿನ ಮಾತು ತಾನಾಗಿ ತಗ್ಗುತ್ತದೆ. ರಸ್ತೆಯ ಎರಡೂ ಕಡೆ ಮರಗಳು ಬಿಸಿಲನ್ನು ತಡೆದು ನಿಂತಿವೆ. ಚಾಲಕ ಗೇರ್ ಇಳಿಸಿದಾಗಲೆಲ್ಲ ಎಂಜಿನ್ನು ಗುರ್ರೆನ್ನುತ್ತದೆ, ಬ್ರೇಕಿನ ಸುಟ್ಟವಾಸನೆ ಒಳಗೆ ಬರುತ್ತದೆ. ಮೊಲೆಮ್‌ ತಲುಪುವ ಹೊತ್ತಿಗೆ ಕಿವಿ ತೆರೆದುಕೊಂಡು ಗಾಳಿ ಬೆಚ್ಚಗಾಗಿರುತ್ತದೆ. ಸ್ವೆಟರುಗಳು ಒಂದೊಂದಾಗಿ ಕಳಚಿ ಸೀಟಿನ ಕೆಳಗೆ ಸೇರುತ್ತವೆ. ಈ ದಾರಿಯನ್ನು ತೀರಾ ಬೇರೆಯ ಸ್ಥಿತಿಯಲ್ಲಿ, ಎದುರು ದಿಕ್ಕಿನಲ್ಲಿ ಹತ್ತಿದವರ ವಂಶದವರು ನಮ್ಮೊಡನೆ ಕೂತಿದ್ದಾರೆ. ಪೋರ್ತುಗೀಜರು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ದುಡಿಸಿಕೊಂಡ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಮೇಲಿನ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಜೋಯಿಡಾ, ಮುಂಡಗೋಡದ ಸಿದ್ದಿಗಳ ಹಿರಿಯರು ಹಾಗೆ ಬಂದವರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಹಿರಿಯರು ಯಾವ ಊರಿನಿಂದ ಓಡಿ ಬಂದರೋ ಅದೇ ಊರಿಗೆ ಸಿದ್ದಿ ತಾಯಿ ಮೊಮ್ಮಗಳ ಕೈ ಹಿಡಿದು ಮೇಣದಬತ್ತಿ ಹಚ್ಚಲು ಹೋಗುತ್ತಿದ್ದಾಳೆ. ಆ ಮಾತನ್ನು ಆಕೆಯ ಮುಂದೆ ನಾನು ಎತ್ತಲಿಲ್ಲ. ಆಕೆ ಕಿಟಕಿಯ ಆಚೆಯ ಕಾಡನ್ನು ತದೇಕವಾಗಿ ನೋಡುತ್ತಿದ್ದಳು.

ಹಳೇ ಗೋವೆಯಲ್ಲಿ ಇಳಿದಾಗ ಮೊದಲು ಮೂಗಿಗೆ ಬಡಿಯುವುದು ಮೇಣ. ದಾರಿಯ ಇಕ್ಕೆಲಗಳಲ್ಲಿ ಹರಕೆಯ ಮೇಣದ ಕೈ, ಮೇಣದ ಕಾಲು, ಮೇಣದ ಪುಟ್ಟ ಕೂಸು ಸಾಲಾಗಿ ಮಲಗಿವೆ, ಬಿಸಿಲಿಗೆ ಬೆವರಿ ಹೊಳೆಯುತ್ತಿವೆ. ಪಕ್ಕದಲ್ಲೇ ಬೆಲ್ಲ, ಎಳ್ಳು, ಶುಂಠಿಯ ವಾಸನೆಯ ಖಾಜೆ ರಾಶಿ. ಧ್ವನಿವರ್ಧಕದಲ್ಲಿ ಕೊಂಕಣಿ ಪ್ರಾರ್ಥನೆ. ಬೊಂ ಜೆಜು ಬಸಿಲಿಕಾದ ಸಾಲು ಮೈದಾನ ಸುತ್ತಿಕೊಂಡಿದೆ. ಸಂತನ ದೇಹವಿರುವ ಈ ಚರ್ಚನ್ನು 1594ರಲ್ಲಿ ಶುರು ಮಾಡಿ 1605ರಲ್ಲಿ ಪ್ರತಿಷ್ಠೆ ಮಾಡಿದರು. ಮೈಮೇಲಿನ ಸುಣ್ಣದ ಗಾರೆಯನ್ನು ಕಳೆದ ಶತಮಾನದ ನಡುವೆ ಕೆತ್ತಿ ತೆಗೆದಿದ್ದರಿಂದ ಕೆಂಪು ಚಿರೇಕಲ್ಲು ಹಾಗೇ ಕಾಣುತ್ತದೆ. ಎಲ್ಲರೂ ಮುಂಭಾಗದ ಫೋಟೊ ತೆಗೆಯುತ್ತಿದ್ದರೆ ಗೌಂಡಿ ಅಜ್ಜ ಬದಿಗೆ ಹೋಗಿ ನಿಂತ. ಅಲ್ಲಿ ಉದ್ದನೆಯ ಗೋಡೆಗೆ ಒತ್ತಿ, ಆಮೇಲೆ ಸೇರಿಸಿದ ದೊಡ್ಡ ದೊಡ್ಡ ಆನಿಕೆಗಳಿವೆ. ನೆಲದಲ್ಲಿ ಅಗಲವಾಗಿ ಊರಿ, ಮೇಲಕ್ಕೆ ಹೋದಂತೆ ಬಾಗಿ ಗೋಡೆಯನ್ನು ಮುಟ್ಟುತ್ತವೆ.

“ಟೇಕು ಕೊಟ್ಟಾರ ನೋಡ್ರಿ,” ಎಂದ. “ಗ್ವಾಡಿ ಹೊರಗ ಹೊಂಟಿತ್ತು. ಒಳಗಿನ ಭಾರ ಸೀದಾ ನೆಲಕ್ಕ ಇಳಿಯಂಗಿಲ್ರಿ, ಬಾಜೂಕ ನೂಕತೈತಿ.”

ಮಧ್ಯಯುಗದ ಯುರೋಪಿನ ಚರ್ಚು ಕಟ್ಟುವವರು ನಾನೂರು ವರ್ಷ ತಲೆ ಕೆಡಿಸಿಕೊಂಡಿದ್ದು ಇದೇ ‘ಬಾಜೂಕ ನೂಕುವ’ ಭಾರದ ಜತೆ. ಮರದ ಮಾಡು ಬೆಂಕಿಗೆ ಹೋಗುತ್ತಿತ್ತು, ಅದಕ್ಕೆ ಕಲ್ಲಿನ ಮಾಡು ಬೇಕಾಯಿತು. ಕಲ್ಲನ್ನು ಅಷ್ಟಗಲ ಹೊದಿಸಲು ಕಮಾನು ಬೇಕಾಯಿತು. ಕಮಾನು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಆದ್ದರಿಂದ ಗೋಡೆ ದಪ್ಪವಾಯಿತು, ಕಿಟಕಿ ಸಣ್ಣದಾಯಿತು, ಒಳಗೆ ಕತ್ತಲೆ ತುಂಬಿತು. ಆ ಕತ್ತಲೆಯಿಂದ ಹೊರಬರುವ ದಾರಿ ಒಂದೇ ದಿನ ಹೊಳೆದದ್ದಲ್ಲ. ಇಂಗ್ಲೆಂಡಿನ ಡರ್ಹಮ್‌ನಲ್ಲಿ 1093ರಿಂದ 1133ರವರೆಗೆ ಕಟ್ಟಿದ ದೊಡ್ಡ ಚರ್ಚಿನಲ್ಲಿ ಮಾಡಿಗೆ ಪಕ್ಕೆಲುಬಿನಂಥ ಕಲ್ಲಿನ ಏಣುಗಳನ್ನು ಕೊಟ್ಟರು. ಪ್ಯಾರಿಸ್ಸಿನ ಪಕ್ಕದ ಸೇಂಟ್ ಡೆನಿಸ್‌ನಲ್ಲಿ ಸುಜೇ ಎಂಬ ಮಠಾಧಿಪತಿ 1144ರಲ್ಲಿ ಪ್ರತಿಷ್ಠೆ ಮಾಡಿಸಿದ ಹೊಸ ಭಾಗದಲ್ಲಿ ಏಣು, ಮೊನಚು ಕಮಾನು, ಬಣ್ಣದ ಗಾಜಿನ ಅಗಲ ಕಿಟಕಿ ಮೂರೂ ಒಂದೆಡೆ ಕೂಡಿದವು. ಅಲ್ಲಿಂದ ಮುಂದೆ ಹೊರಗಿನ ಆನಿಕೆ ಗೋಡೆಯಿಂದ ದೂರ ಸರಿದು, ಗಾಳಿಯಲ್ಲಿ ಅರ್ಧ ಕಮಾನು ಚಾಚಿ ಗೋಡೆಯ ಹೆಗಲಿಗೆ ಕೈಕೊಟ್ಟಿತು. ಗೋಡೆಗೆ ಭಾರ ಹೊರುವ ಕೆಲಸವೇ ಉಳಿಯಲಿಲ್ಲ, ಅದರ ಜಾಗಕ್ಕೆ ಗಾಜು ಬಂತು. ಎತ್ತರದ ಆಸೆಗೆ ಮಿತಿ ಇಲ್ಲದಾಯಿತು. ಫ್ರಾನ್ಸಿನ ಬೊವೆ ಎಂಬಲ್ಲಿ ಮಾಡನ್ನು 48 ಮೀಟರಿಗೆ ಏರಿಸಿದರು, 1284ರಲ್ಲಿ ಅದರ ಒಂದು ಭಾಗ ಕುಸಿದುಬಿತ್ತು.

ಇಲ್ಲಿ ನಮ್ಮ ಸೀಮೆಯ ಒಂದು ಲೆಕ್ಕವನ್ನೂ ಸೇರಿಸಿ ನೋಡಬೇಕು. ಪ್ಯಾರಿಸ್ಸಿನಲ್ಲಿ ನೋತ್ರ್ ದಾಮ್ ಕಟ್ಟಲು ಕೈಹಾಕಿದ್ದು 1163ರಲ್ಲಿ. ಅದೇ ದಶಕದಲ್ಲಿ, 1169ರ ಹೊತ್ತಿಗೆ, ಹಳಿಯಾಳಕ್ಕೆ ಹತ್ತಿರದ ಖಾನಾಪುರ ತಾಲೂಕಿನ ಹಲಸಿಯಲ್ಲಿ ಗೋವೆ ಕದಂಬರ ಶಿವಚಿತ್ತ ಪೆರ್ಮಾಡಿ ನರಸಿಂಹನನ್ನು ಪ್ರತಿಷ್ಠಾಪಿಸಿದ. ಭೂವರಾಹ ನರಸಿಂಹ ಗುಡಿ ಎಂದು ನಾವು ನೋಡುವುದು ಅದನ್ನೇ. ಎರಡು ಗರ್ಭಗುಡಿಗಳು ಒಂದಕ್ಕೊಂದು ಮುಖ ಮಾಡಿ ನಿಂತಿವೆ. ಗೌಂಡಿ ಅಜ್ಜ ಅದನ್ನು ಎಷ್ಟೋ ಸಲ ನೋಡಿದವನು. “ಹಲಸ್ಯಾಗ ಕಮಾನ ಇಲ್ರಿ. ಕಂಬ, ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಹಾಸಗಲ್ಲು. ಭಾರ ಸೀದಾ ಇಳೀತೈತಿ, ಟೇಕು ಬೇಕಾಗಂಗಿಲ್ಲ” ಎಂದು ಎರಡೇ ಮಾತಿನಲ್ಲಿ ಹೇಳಿದ. ಅದಕ್ಕೇ ನಮ್ಮ ಗುಡಿಯಲ್ಲಿ ಕಂಬ ಹತ್ತಿರ ಹತ್ತಿರ ಬರುತ್ತವೆ. ಕಲ್ಲಿನ ತೊಲೆ ಎಷ್ಟು ಉದ್ದ ಬಾಳುತ್ತದೋ ಅಷ್ಟೇ ಅಂತರ. ನೂರಾರು ಜನ ಒಂದೇ ಮಾಡಿನ ಕೆಳಗೆ ಒಟ್ಟಾಗಿ ಕೂತು ಬಲಿಪೂಜೆ ನೋಡಬೇಕೆಂಬ ಅಗತ್ಯ ಗುಡಿಗಿರಲಿಲ್ಲ, ಚರ್ಚಿಗಿತ್ತು. ಎರಡು ಕಟ್ಟಡಗಳ ಮೈಕಟ್ಟು ಬೇರೆಯಾದದ್ದು ಅಲ್ಲಿಂದ. ಒಂದನ್ನು ಇನ್ನೊಂದಕ್ಕಿಂತ ಮೇಲೆ ಇಡುವ ಪ್ರಶ್ನೆಯೇ ಬರುವುದಿಲ್ಲ.

ಸಾಲು ಕರಗಲು ಹೊತ್ತಾಗುತ್ತದೆ. ಅಷ್ಟರಲ್ಲಿ ರಸ್ತೆಯ ಆ ಬದಿಗೆ ದಾಟಿ ಅಸಿಸಿಯ ಸಂತ ಫ್ರಾನ್ಸಿಸ್ ಚರ್ಚಿನ ಬಾಗಿಲನ್ನು ನೋಡಿಬರಬಹುದು. ಪಕ್ಕದ ಸೆ ಕೆಥೆಡ್ರಲ್ ಭಾರೀ ಕಟ್ಟಡ, ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಗಿದೆ. ಆ ಕಟ್ಟಡ ಕಾಲದಲ್ಲಿ ಈಚಿನದು. ಫ್ರಾನ್ಸಿಸ್ ಚರ್ಚಿನ ಬಾಗಿಲು ಹಳೆಯದು. ಫ್ರಾನ್ಸಿಸ್ಕನ್ ಸನ್ಯಾಸಿಗಳು 1517ರಲ್ಲಿ ಗೋವೆಗೆ ಬಂದಿಳಿದ ಮೇಲೆ ಎದ್ದ ಮೊದಲ ಚರ್ಚಿನದು. 1661ರಲ್ಲಿ ಚರ್ಚನ್ನು ಹೊಸದಾಗಿ ಕಟ್ಟುವಾಗ ಉಳಿದುದನ್ನೆಲ್ಲ ಕೆಡವಿದರೂ ಇದೊಂದನ್ನು ಜೋಪಾನವಾಗಿ ಉಳಿಸಿಕೊಂಡರು. ಬಿಳಿ ಗೋಡೆಯ ನಡುವೆ ಕಡುಬಣ್ಣದ ಕಲ್ಲು. ಮೇಲೆ ಮೂರು ಬಳುಕಿನ ಕಮಾನು, ಅದರ ಸುತ್ತ ಕಿರೀಟ, ಶಿಲುಬೆ, ನಾವಿಕರು ಆಕಾಶ ಅಳೆಯುತ್ತಿದ್ದ ಬಳೆಬಳೆಯ ಗೋಳ. ಪೋರ್ತುಗಲ್‌ನ ದೊರೆ ಮ್ಯಾನುಯೆಲ್ 1495ರಿಂದ 1521ರವರೆಗೆ ಆಳಿದ. ವಾಸ್ಕೋ ಡ ಗಾಮಾನನ್ನು ಕಳಿಸಿದವನು ಅವನೇ. ಮಧ್ಯಯುಗದ ಕಟ್ಟಡಗಾರಿಕೆ ಮುಗಿಯುತ್ತ ಬಂದ ಆ ಕಾಲದಲ್ಲಿ ಅಲ್ಲಿನ ಶಿಲ್ಪಿಗಳು ಅದಕ್ಕೆ ಸಮುದ್ರದ ಸಾಮಾನನ್ನೆಲ್ಲ ಹೊಸೆದರು. ಹಗ್ಗ, ಗಂಟು, ಗೋಳ, ಕಡಲ ಪಾಚಿ. ಮ್ಯಾನುಯೆಲನ ಹೆಸರಿನಿಂದಲೇ ಆ ಶೈಲಿಯನ್ನು ಗುರುತಿಸುತ್ತಾರೆ. ಬಾಗಿಲು ದಾಟಿ ಒಳಗೆ ಹೋದರೆ ನೆಲದ ತುಂಬ ಗೋರಿಯ ಹಾಸುಗಲ್ಲು. ಮನೆತನದ ಲಾಂಛನಗಳ ಮೇಲೆ ಜನ ಚಪ್ಪಲಿ ಹಾಕಿಕೊಂಡೇ ನಡೆಯುತ್ತಾರೆ. ಸತ್ತವರನ್ನು ಚರ್ಚಿನ ನೆಲದಲ್ಲೇ ಹೂಳುವುದೂ ಮಧ್ಯಯುಗದಿಂದ ಬಂದ ರೂಢಿ. ಬಲಿಪೀಠಕ್ಕೆ ಎಷ್ಟು ಹತ್ತಿರವೋ ಅಷ್ಟು ಮೇಲು ಎಂದು ನಂಬಿದ್ದರು.

ಸಂತನ ದರ್ಶನವಾಗಿ, ಮೇಣದಬತ್ತಿ ಹಚ್ಚಿ, ಕಟ್ಟಿ ತಂದಿದ್ದ ಚಪಾತಿ ಪಲ್ಯ ಮರದ ನೆರಳಿನಲ್ಲಿ ಮುಗಿದ ಮೇಲೆ ಉಳಿದವರು ಖಾಜೆ ಕೊಳ್ಳಲು ಹೋದರು. ನಾನು ಗೌಂಡಿ ಅಜ್ಜನನ್ನು ಕರೆದುಕೊಂಡು ಪಡುವಣದ ಗುಡ್ಡ ಹತ್ತಿದೆ. ಸಿದ್ದಿ ತಾಯಿ ಮತ್ತು ಹುಡುಗಿಯೂ ಜತೆಗೆ ಬಂದರು. ಏರು ದೊಡ್ಡದಲ್ಲ. ಜಾತ್ರೆಯ ಗದ್ದಲ ಹಿಂದೆ ಉಳಿಯುತ್ತ ಬರುತ್ತದೆ, ಒಣಹುಲ್ಲಿನಲ್ಲಿ ಮಿಡತೆಯ ಕಿರ್ರ್ ಕೇಳತೊಡಗುತ್ತದೆ. ಎಡಕ್ಕೆ ಸಂತ ಅಗಸ್ಟಿನರ ಪಾಳುಗೋಪುರ ಆಕಾಶಕ್ಕೆ ಚೂಪಾಗಿ ಎದ್ದಿದೆ. ಅದನ್ನು ದಾಟಿ ಹೋದರೆ ಗುಡ್ಡದ ಅಂಚಿನಲ್ಲಿ ರೊಸಾರಿ ಮಾತೆಯ ಚರ್ಚು, ಕೆಳಗೆ ಮಾಂಡೋವಿ ನದಿ, ಅದರಾಚೆ ದಿವಾಡಿ ದ್ವೀಪದ ಹಸಿರು. 1510ರಲ್ಲಿ ಗೋವೆಯನ್ನು ಬಿಜಾಪುರದ ಆದಿಲಶಾಹಿಯಿಂದ ಕಸಿದುಕೊಂಡ ಯುದ್ಧವನ್ನು ಪೋರ್ತುಗೀಜ್ ಸೇನಾಪತಿ ಅಲ್ಬುಕರ್ಕ್ ಇದೇ ಗುಡ್ಡದ ಮೇಲಿಂದ ನೋಡಿದ ಎಂದು ಗೋಡೆಯ ಕಲ್ಲಿನಲ್ಲಿ ಬರೆದಿದೆ. ಈಗಿನ ಕಟ್ಟಡ 1544ರಿಂದ 1549ರೊಳಗೆ ಎದ್ದದ್ದು. ಕೆಳಗಿನ ಜಾತ್ರೆಯ ಚರ್ಚುಗಳಿಗಿಂತ ಹಿರಿಯದು, ಆದರೆ ಇಲ್ಲಿ ಸಾಲಿಲ್ಲ. ಅವತ್ತು ನಮ್ಮನ್ನು ಬಿಟ್ಟರೆ ಮೆಟ್ಟಿಲ ಮೇಲೆ ಮಲಗಿದ್ದ ಒಂದು ನಾಯಿ ಮಾತ್ರ.

ದೂರದಿಂದ ನೋಡಿದರೆ ಚರ್ಚಿಗಿಂತ ಹೆಚ್ಚಾಗಿ ಕೋಟೆಯ ಬುರುಜು ಎನ್ನಿಸುತ್ತದೆ. ಮುಂಭಾಗದ ನಡುವೆ ಚೌಕ ಗೋಪುರ, ಎರಡೂ ಮೂಲೆಗೆ ದುಂಡನೆಯ ಗೋಪುರಗಳು, ಅವುಗಳ ನೆತ್ತಿಯ ಗುಮ್ಮಟದ ಮೇಲೆ ಪುಟ್ಟ ಶಿಲುಬೆ. ಕಿಟಕಿಗಳು ಮಾಡಿನ ಹತ್ತಿರ ಎತ್ತರದಲ್ಲಿವೆ. ಯಾವಾಗ ಯಾರು ಮುತ್ತಿಗೆ ಹಾಕುತ್ತಾರೋ ಎಂದು ಎಚ್ಚರದಲ್ಲಿದ್ದ ಊರಿನ ಚರ್ಚು ಇದು. ಮಧ್ಯಯುಗದ ಯುರೋಪಿನ ಗಡಿಸೀಮೆಯಲ್ಲಿ ಇಂಥ ಚರ್ಚುಗಳು ಬಹಳ. ದುಂಡು ಗೋಪುರದ ಸೊಂಟಕ್ಕೆ ಹಗ್ಗ ಬಿಗಿದ ಹಾಗೆ ಹೊಸೆದ ಪಟ್ಟಿ ಸುತ್ತಿಕೊಂಡಿದೆ. ಆ ಹಗ್ಗವನ್ನೇ ನೋಡಲು ನಾನು ಇಲ್ಲಿಗೆ ಬರುತ್ತೇನೆ. ಲಿಸ್ಬನ್ನಿನಲ್ಲಿ ಜೆರೊನಿಮೊಸ್ ಮಠದ ಶಿಲ್ಪಿಗಳು ಮೃದುವಾದ ಸುಣ್ಣಕಲ್ಲಿನಲ್ಲಿ ಎಳೆಎಳೆಯಾಗಿ ಬಿಡಿಸಿದ್ದನ್ನು ಇಲ್ಲಿ ಚಿರೇಕಲ್ಲಿಗೂ ಗಾರೆಗೂ ಒಗ್ಗಿಸಿದ್ದಾರೆ.

ಗೌಂಡಿ ಅಜ್ಜ ಹಗ್ಗ ನೋಡಲಿಲ್ಲ. ಗಾರೆ ಉದುರಿದ ಒಂದು ಮೂಲೆಗೆ ಹೋಗಿ ಬೆರಳು ಒತ್ತಿದ. “ಚಿರೇಕಲ್ಲು ನೆಲದಾಗಿಂದ ತಗದಾಗ ಮೆತ್ತಗಿರತೈತ್ರಿ, ಕೊಡ್ಲಿಲೆ ಕಡೀಬಹುದು. ಗಾಳಿ ಬಿಸ್ಲು ಕುಡದ ಮ್ಯಾಲ ಗಟ್ಟಿ ಆಕ್ಕೈತಿ. ಆದ್ರ ಮಳಿ ಬಡದಬಡದ ತೂತು ಬೀಳ್ತಾವ. ಮ್ಯಾಲ ಸುಣ್ಣ ಇರಬೇಕು.” ಮಣ್ಣಿನಲ್ಲಿ ಬಿದ್ದಿದ್ದ ಗಾರೆಯ ಚೂರನ್ನು ಎತ್ತಿ ಮೂಸಿ, ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದ. “ಚಿಪ್ಪಿನ ಸುಣ್ಣ.” ಕಡಲ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನು ಕಾರವಾರ ಕಡೆಯ ಹಳಬರು ಇವತ್ತಿಗೂ ನೆನೆಯುತ್ತಾರೆ. ಪ್ರತಿ ಮಳೆಗಾಲ ಮುಗಿದ ಮೇಲೆ ಹೊಸ ಸುಣ್ಣ ಬಳಿಯದೆ ಈ ಕರಾವಳಿಯಲ್ಲಿ ಯಾವ ಚಿರೇಕಲ್ಲಿನ ಗೋಡೆಯೂ ಇಷ್ಟು ಕಾಲ ಬಾಳಲಾರದು. ಐದು ಶತಮಾನದ ಹತ್ತಿರ ಬಂದಿದೆ ಎಂದರೆ ಅಷ್ಟೂ ಕಾಲ ಯಾರೋ ಏಣಿ ಹತ್ತಿದ್ದಾರೆ.

ಒಳಗೆ ಕಾಲಿಟ್ಟರೆ ಬಿಸಿಲಿನಿಂದ ಬಂದ ಕಣ್ಣಿಗೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಬಾವಲಿಯ ಘಾಟು, ಹಳೇ ಮರದ ವಾಸನೆ, ತಣ್ಣನೆಯ ಸುಣ್ಣ. ಆಮೇಲೆ ಒಂದೊಂದಾಗಿ ತೋರುತ್ತದೆ. ಅಕ್ಕಪಕ್ಕ ಕಂಬಸಾಲಿಲ್ಲದ ಒಂದೇ ಉದ್ದ ಅಂಕಣ, ಮೇಲೆ ಮರದ ತೊಲೆಗಳ ಮಾಡು. ಹಳೇ ಗೋವೆಯ ಚರ್ಚುಗಳಲ್ಲಿ ಬಣ್ಣದ ಗಾಜಿನ ಕಿಟಕಿ ಹುಡುಕಬೇಡಿ. ಸುಡುವ ಬಿಸಿಲಿನ ನಾಡಿಗೆ ಅಷ್ಟು ಬೆಳಕು ಬೇಡವಾಯಿತು. ತೆಳುವಾಗಿ ಉಜ್ಜಿದ ಚಪ್ಪಟೆ ಕಡಲ ಚಿಪ್ಪುಗಳನ್ನು ಮರದ ಚೌಕಟ್ಟಿನಲ್ಲಿ ಕೂರಿಸಿದರು. ಅವುಗಳ ಮೂಲಕ ಬರುವ ಬೆಳಕಿಗೆ ನೆರಳು ಬೀಳುವುದಿಲ್ಲ; ಹಾಲುಬಣ್ಣಕ್ಕೆ ತಿರುಗಿ ಮೆಲ್ಲಗೆ ಹರಡುತ್ತದೆ. ಪ್ಯಾರಿಸ್ಸಿನ ಕೆಂಪು ನೀಲಿ ಗಾಜಿನ ವೈಭವ ದೊಡ್ಡದೇ, ಆದರೂ ನನಗೆ ಈ ಬೆಳಕು ಹೆಚ್ಚು ಹಿಡಿಸುತ್ತದೆ.

ಬಲಿಪೀಠದ ಹತ್ತಿರ ಹೋದಾಗ ಮಾಡು ಬದಲಾಗುತ್ತದೆ. ಮರ ನಿಂತುಹೋಗಿ ಕಲ್ಲು ಶುರು. ಮೂಲೆಗಳಿಂದ ಎದ್ದ ಏಣುಗಳು ಬಾಗುತ್ತ ಮೇಲೇರಿ ನೆತ್ತಿಯಲ್ಲಿ ಒಂದನ್ನೊಂದು ಕೂಡುತ್ತವೆ. ನಡುನಡುವಿನ ಜಾಗಗಳಿಗೆ ಕಲ್ಲು ತುಂಬಿ ಗಾರೆ ಮೆತ್ತಿದ್ದಾರೆ. ಡರ್ಹಮ್‌ನಲ್ಲಿ ಕಂಡ ಆ ಉಪಾಯ ನಾನೂರೈವತ್ತು ವರ್ಷ ನಡೆದುಬಂದು, ಹಡಗು ಹತ್ತಿ, ಮಾಂಡೋವಿ ದಂಡೆಯ ಈ ಗುಡ್ಡದ ಮೇಲೆ ಇಳಿದಿದೆ. ಗೌಂಡಿ ಅಜ್ಜ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಕುತ್ತಿಗೆ ಹಿಂದಕ್ಕೆ ಹಾಕಿ ಬಹಳ ಹೊತ್ತು ನೋಡಿದ. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು.

“ಮೊದಲ ಈ ಗೀರಿನವು ಕಟ್ಯಾರ,” ಎಂದ ಕೊನೆಗೆ. “ಕಟ್ಟಿಗಿ ಸೆಂಟ್ರಿಂಗ್ ಹೊಡದು, ಎರಡೂ ಕಡಿಂದ ಕಲ್ಲು ಏರಿಸ್ಕೋತ ಬಂದು, ನಡುವಿನ ಕಲ್ಲು ಬಡದಾರ. ಅವು ನಿಂತ ಮ್ಯಾಲ ಉಳದದ್ದು ತುಂಬ್ಯಾರ. ಮ್ಯಾದಾರರು ಬುಟ್ಟಿಗೆ ಮೊದಲ ದಪ್ಪ ಸೀಳು ಬಗ್ಗಸತಾರಲ್ರಿ, ಆಮ್ಯಾಲ ಹೆಣಿಕಿ. ಹಂಗ.”

ಕಟ್ಟಡಶಾಸ್ತ್ರದ ಪುಸ್ತಕಗಳು ಪುಟಗಟ್ಟಲೆ ಹೇಳುವ ವಿಷಯ ಅದೇ. ಏಣುಗಳು ಮೊದಲು ನಿಲ್ಲುವುದರಿಂದ ಪೂರ್ತಿ ಮಾಡಿಗೆ ಮರದ ಅಟ್ಟ ಕಟ್ಟುವ ಖರ್ಚು ಉಳಿಯುತ್ತಿತ್ತು. ಒಂದು ಅಂಕಣದ ಅಟ್ಟ ಬಿಚ್ಚಿ ಮುಂದಿನ ಅಂಕಣಕ್ಕೆ ಒಯ್ಯಬಹುದಿತ್ತು. ಸುಣ್ಣದ ಗಚ್ಚು ಸಿಮೆಂಟಿನ ಹಾಗೆ ಬೇಗ ಗಟ್ಟಿಯಾಗುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಗಾಳಿ ಬೇಕು, ಆದ್ದರಿಂದ ಆತುರದವರಿಗೆ ಈ ಕೆಲಸ ಆಗುತ್ತಿರಲಿಲ್ಲ. ಒಂದು ತಲೆಮಾರು ತಳಪಾಯ ಹಾಕಿದರೆ ಮೊಮ್ಮಕ್ಕಳು ಗೋಪುರ ನೋಡುತ್ತಿದ್ದರು. ಜರ್ಮನಿಯ ಕೊಲೋನ್ ಕೆಥೆಡ್ರಲ್ 1248ರಲ್ಲಿ ಶುರುವಾಗಿ, ನಡುವೆ ಶತಮಾನಗಳ ಕಾಲ ನಿಂತುಹೋಗಿ, 1880ರಲ್ಲಿ ಮುಗಿಯಿತು.

ಮೊನಚು ಕಮಾನು ಏಕೆ ಎಂದು ನಾನು ಕೇಳಿದೆ. ಆತ ಹೊರಗೆ ಮೆಟ್ಟಿಲಿನ ಮೇಲೆ ಕೂತು ಚಿರೇಕಲ್ಲಿನ ಚೂರಿನಿಂದ ನೆಲದ ಮೇಲೆ ಗೀಚಿದ. ಹುಡುಗಿ ಬಗ್ಗಿ ನೋಡತೊಡಗಿದಳು. ಮೊದಲು ಒಂದು ಆಯತ ಬರೆದ. ಉದ್ದದ ಬದಿಗೊಂದು, ಅಗಲದ ಬದಿಗೊಂದು, ಮೂಲೆಯಿಂದ ಮೂಲೆಗೊಂದು ಗೀರು. “ದುಂಡ ಕಮಾನಿಗೆ ಎತ್ತರ ನಮ್ಮ ಕೈಯಾಗಿಲ್ಲವ್ವಾ. ಅಗಲದ ಅರ್ಧ, ಅಷ್ಟ. ಹತ್ತು ಫೂಟು ಅಗಲ ಇದ್ರ ಐದು ಫೂಟು ಏರತೈತಿ. ಈ ಸಣ್ಣ ಬಾಜೂದ್ದು ಗಿಡ್ಡಾತು, ಈ ಉದ್ದಂದು ಎತ್ರಾತು, ಮೂಲ್ಯಾಗಿಂದು ಇನ್ನೂ ಎತ್ರಾತು. ಮೂರೂ ಮ್ಯಾಲ ಕೂಡೂದು ಹೆಂಗ? ಚೂಪ ಮಾಡಿದ್ರ ನಮಗ ಬೇಕಾದಷ್ಟು ಏರಿಸಬಹುದು.” ಎರಡು ಬಾಗುಗೀರು ಎಳೆದು ತುದಿ ಕೂಡಿಸಿದ. ಅದಕ್ಕೆ ಇನ್ನೊಂದು ಲಾಭವೂ ಇದೆ. ಚೂಪು ಕಮಾನಿನ ಭಾರ ಹೊರಕ್ಕೆ ತಳ್ಳುವುದು ಕಡಿಮೆ, ಕೆಳಕ್ಕೆ ಇಳಿಯುವುದು ಹೆಚ್ಚು. ಗೋಡೆ ತೆಳುವಾದದ್ದಕ್ಕೆ, ಕಿಟಕಿ ದೊಡ್ಡದಾದದ್ದಕ್ಕೆ ಮೂಲ ಆ ಎರಡು ಗೀರುಗಳು.

ಚರ್ಚಿನೊಳಗೆ ಇನ್ನೊಂದನ್ನು ನೋಡದೆ ಬರುವಂತಿಲ್ಲ. ಬಲಿಪೀಠದ ಪಕ್ಕದ ಗೋಡೆಯಲ್ಲಿ ಕತಾರಿನಾ ಆ ಪಿರೋ ಎಂಬಾಕೆಯ ಸಮಾಧಿ ಇದೆ. 1548-49ರಲ್ಲಿ ಗೋವೆಯ ಗವರ್ನರ್ ಆಗಿದ್ದ ಗಾರ್ಸಿಯಾ ದೆ ಸಾನ ಹೆಂಡತಿ. ಬರಹ ಪೋರ್ತುಗೀಜ್‌ನಲ್ಲಿದೆ, ಕೆತ್ತನೆ ಮಾತ್ರ ಗುಜರಾತಿನದು. ಅಹಮದಾಬಾದಿನ ಮಸೀದಿಗಳಲ್ಲಿ ಕಾಣುವ ಹೂಬಳ್ಳಿ, ಪುಟ್ಟ ಕಂಬ, ಜಾಲರಿಯ ಕುಸುರಿ ಅಮೃತಶಿಲೆಯ ಮೇಲೆ ಹಾಗೇ ಬಂದಿದೆ. ಕ್ರೈಸ್ತ ಹೆಂಗಸಿನ ಸಮಾಧಿಯನ್ನು ಗುಜರಾತಿ ಕೈ ಕಡೆಯಿತು, ಅದನ್ನು ಕಾಯುತ್ತಿರುವುದು ಮಧ್ಯಯುಗದ ಏಣುಮಾಡು. ಮೇಲಿನ ಏಣುಗಳ ಲೆಕ್ಕ ಪೋರ್ತುಗಲ್‌ನಿಂದ ಬಂದಿರಬಹುದು, ಚಿರೇಕಲ್ಲು ಕಡಿದವರು, ಸುಣ್ಣ ಅರೆದವರು, ಅಟ್ಟ ಹತ್ತಿದವರು ಇಲ್ಲಿಯವರೇ. ಕಲ್ಲು ಹೊತ್ತವರಲ್ಲಿ ಗುಲಾಮರೂ ಇದ್ದರು, ಆ ನಗರದ ಯಾವ ದೊಡ್ಡ ಕೆಲಸವೂ ಅವರಿಲ್ಲದೆ ಆಗುತ್ತಿರಲಿಲ್ಲ. ಅವರ ಹೆಸರು ಯಾವ ಹಾಸುಗಲ್ಲಿನ ಮೇಲೂ ಇಲ್ಲ. ಸಿದ್ದಿ ತಾಯಿ ಬಲಿಪೀಠದ ಮುಂದೆ ಮೊಣಕಾಲೂರಿ ಶಿಲುಬೆಯ ಗುರುತು ಮಾಡಿಕೊಂಡು ಎದ್ದಳು. ಬಾಗಿಲ ಹತ್ತಿರ ಬಂದಾಗ ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿದಳು. ಆಕೆಯ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಈ ಕಟ್ಟಡದ ಮೇಲೆ ಆಕೆಗೆ ನನಗಿಂತ ಹೆಚ್ಚಿನ ಹಕ್ಕಿದೆ ಎಂದು ಮಾತ್ರ ಬಲ್ಲೆ.

ಹಿಂದಿರುಗುವಾಗ ಅಗಸ್ಟಿನರ ಗೋಪುರದ ಕೆಳಗೆ ನಿಂತೆವು. 46 ಮೀಟರಿನ ಚಿರೇಕಲ್ಲಿನ ಗೋಪುರ, 1602ರದು. 1835ರಲ್ಲಿ ಮಠವನ್ನು ಬಿಟ್ಟುಹೋದರು. ಏಣಿ ಹತ್ತುವವರು, ಸುಣ್ಣ ಬಳಿಯುವವರು ಇಲ್ಲದೆ ಏಳೇ ವರ್ಷಕ್ಕೆ, 1842ರಲ್ಲಿ, ಮಾಡಿನ ಕಮಾನು ಕುಸಿಯಿತು. 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ನಮ್ಮ ರಾಜ್ಯದಲ್ಲೂ ಇಂಥದೊಂದು ಕಣ್ಣೆದುರು ನಡೆಯುತ್ತಿದೆ. ಹಾಸನದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಮೊನಚು ಕಮಾನುಗಳ ರೊಸಾರಿ ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಈಚಿನ ವರ್ಷಗಳಲ್ಲಿ ಅದರ ಭಾಗಗಳು ಬೀಳುತ್ತಿವೆ. ಫೋಟೊಗೆ ಬರುವವರು ಸಾವಿರಾರು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಸ್ಥಿತಿ ಮೇಲು. 1933ರಲ್ಲಿ ಅಡಿಗಲ್ಲು ಬಿದ್ದ ಅದರ 175 ಅಡಿಯ ಜೋಡಿ ಗೋಪುರಗಳು ಕೊಲೋನ್‌ನ ನೆನಪನ್ನು ಹೊತ್ತು ನಿಂತಿವೆ. ಇವೆರಡೂ ಮಧ್ಯಯುಗವನ್ನು ಬಹಳ ತಡವಾಗಿ ನೆನೆಸಿಕೊಂಡು ಕಟ್ಟಿದವು. ಗುಡ್ಡದ ಮೇಲಿನ ರೊಸಾರಿ ಚರ್ಚಿನ ಮಾತು ಬೇರೆ. ಅದನ್ನು ಕಟ್ಟಿದ ಕೈಗಳಿಗೆ ಏಣುಮಾಡು ಬದುಕಿದ್ದ ಕಸುಬು.

“ಈಗ ಯಾರೂ ಕಮಾನ ಕೇಳಂಗಿಲ್ರಿ,” ಎಂದ ಅಜ್ಜ ಇಳಿಜಾರಿನಲ್ಲಿ. “ಲಿಂಟಲ್ ಹಾಕು, ಸ್ಲ್ಯಾಬ್ ಹೊಡಿ, ಮುಗೀತು. ನಾ ಕಡೀಗೆ ಕಮಾನ ಕಟ್ಟಿದ್ದು ಒಂದು ಬಾವಿ ಬಾಯಿಗೆ. ನನ್ನ ಮಗಗ ಬರಂಗಿಲ್ಲ.”

ಹಳಿಯಾಳ, ಜೋಯಿಡಾ ಸೀಮೆಯ ಊರುಗಳಲ್ಲಿ ಹೆಂಚಿನ ಮಾಡಿನ, ಚಿರೇಕಲ್ಲಿನ ಹಳೇ ಕಟ್ಟಡಗಳು ಇನ್ನೂ ಉಳಿದಿವೆ: ಶಾಲೆ, ಗುಡಿ, ಮಸೀದಿ, ಶಿಲುಬೆಯ ಚಾಪೆಲ್ಲು. ಮಳೆಗೆ ಸೋರಿತು ಎಂದು ಕೆಡವಿ ಸ್ಲ್ಯಾಬ್ ಹೊಡೆಯುವ ಮುಂಚೆ ಊರಿನ ಹಿರಿಯ ಗೌಂಡಿಯನ್ನು ಕರೆದು ತೋರಿಸಿ. ಸುಣ್ಣದಲ್ಲಿ ರಿಪೇರಿ ಆಗುವ ಗೋಡೆಗೆ ಸಿಮೆಂಟು ಮೆತ್ತಬೇಡಿ. ಒಳಗಿನ ತೇವ ಹೊರಬರಲಾಗದೆ ಚಿರೇಕಲ್ಲು ಕೊಳೆಯುತ್ತದೆ. ಮುಂದಿನ ಸಲ ಗೋವೆಯ ಫೆಸ್ತಕ್ಕೆ ಹೋದವರು ಬೊಂ ಜೆಜುವಿನ ಸಾಲು ಮುಗಿದ ಮೇಲೆ ಗುಡ್ಡ ಹತ್ತಿ, ಬಲಿಪೀಠದ ಮುಂದೆ ನಿಂತು ತಲೆಯೆತ್ತಿ ನೋಡಿ. ಆಗಬಹುದಾದರೆ ಗಾಡಿಯಲ್ಲಿ ನಿಮ್ಮೂರಿನ ಗೌಂಡಿಗೂ ಒಂದು ಸೀಟು ಕೊಡಿ, ಅವರ ಮಗನಿಗೂ.